ಹಲ್ಲು ತೋರಿಸಲು ಹೋದ ಅಮ್ಮನಿಗೆ ಪತ್ತೆಯಾಗಿದ್ದು ಬೇರೆಯೇ ಕಾಯಿಲೆ

ಕಳೆದ ವರ್ಷ ಸಂಕ್ರಾಂತಿಗೆ ತಿಪಟೂರಿಗೆ ಹೋದಾಗ ಅಮ್ಮ ಕಬ್ಬು ಮುಟ್ಟಲಿಲ್ಲ. ಎಳ್ಳು-ಬೆಲ್ಲವನ್ನೂ ಎಲ್ಲರ ಎದುರು ಬಾಯಿಗೆ ಹಾಕಿಕೊಂಡು, ಹಿತ್ತಲಿಗೆ ಹೋಗಿ ಉಗಿದು ಬಂದಿದ್ದನ್ನು ನಾನು ನೋಡಿದೆ. "ಏನಮ್ಮಾ?" ಅಂದೆ. "ಬಾಯಲ್ಲಿ ಹುಣ್ಣಾಗಿದೆ ಕಣೇ. ಉಷ್ಣ. ಅವರೆಕಾಳು ಜಾಸ್ತಿ ಆಯ್ತು ಅನ್ಸತ್ತೆ" ಅಂದಳು.

ನಮ್ಮ ಮನೇಲಿ ಬಾಯಿಹುಣ್ಣು ಅಂದ್ರೆ ಕಾಯಿಲೆಯೇ ಅಲ್ಲ. ತುಪ್ಪ ಸವರು, ಎಳನೀರು ಕುಡಿ, ಮೆಂತ್ಯ ನೆನೆಸಿ ತಿನ್ನು, ನಾಲ್ಕು ದಿನಕ್ಕೆ ಹೋಗುತ್ತೆ. ನಾನು ಇಂಜಿನಿಯರಿಂಗ್ ಓದಿದವಳು, ತುಪ್ಪದ ಬದಲು ಬಿ-ಕಾಂಪ್ಲೆಕ್ಸ್ ಮಾತ್ರೆ ಮತ್ತೆ ಒಂದು ಜೆಲ್ ತರಿಸಿಕೊಟ್ಟೆ. ಅಷ್ಟೇ ವ್ಯತ್ಯಾಸ. ಬೆಂಗಳೂರಿಗೆ ವಾಪಸ್ ಬಂದು ಆಫೀಸು, ರಿಲೀಸು, ಮೀಟಿಂಗು ಅಂತ ಮರೆತೂಬಿಟ್ಟೆ.

ಶಿವರಾತ್ರಿ ಹೊತ್ತಿಗೆ ಫೋನಲ್ಲಿ ಕೇಳಿದಾಗ, "ಇನ್ನೂ ಇದೆ, ಹೋಗ್ತಾ ಬರ್ತಾ ಇರತ್ತೆ" ಅಂದಳು. ಯುಗಾದಿಗೆ ಊರಿಗೆ ಹೋದರೆ ಅಮ್ಮ ಮೊಸರನ್ನ ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ರವಿಕೆ ಸಡಿಲ ಆಗಿತ್ತು. ತೂಕ ನೋಡಿದರೆ 6 ಕಿಲೋ ಇಳಿದಿತ್ತು. ಅಷ್ಟರಲ್ಲಿ ಊರಿನ ಡಾಕ್ಟರು ಎರಡು ಸಲ ಆಂಟಿಬಯೋಟಿಕ್ ಕೊಟ್ಟಿದ್ದರು. ನಾನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಒಂದು ಆಸ್ಪತ್ರೆಯಲ್ಲಿ ತೋರಿಸಿದೆ. ಅಲ್ಲಿ ಬಾಯಿ ಅರ್ಧ ತೆರೆಸಿ ನೋಡಿ ಫಂಗಸ್ ಇರಬಹುದು ಅಂತ ಔಷಧಿ ಬರೆದರು. ಟೆನ್ಶನ್ ಮಾಡ್ಕೋಬೇಡಿ ಅಂತಾನೂ ಹೇಳಿದರು. ಅಮ್ಮನಿಗೆ ಇದ್ದ ಒಂದೇ ಟೆನ್ಶನ್ ಆ ಹುಣ್ಣು.

ಆಫೀಸಲ್ಲಿ ಒಂದೇ ತೊಂದರೆ ಮೂರು ಸಲ ಬಂದರೆ ನಾವು ಸುಮ್ಮನೆ ಬಿಡಲ್ಲ. ಯಾಕೆ ಮತ್ತೆ ಮತ್ತೆ ಬರ್ತಿದೆ ಅಂತ ಲಾಗ್ ತೆಗೆದು ನೋಡ್ತೀವಿ. ಅಮ್ಮನ ವಿಷಯದಲ್ಲಿ ಮಾತ್ರ ನಾಲ್ಕು ತಿಂಗಳು, ಪ್ರತಿ ಸಲವೂ ಹೊಸ ಹುಣ್ಣು ಅಂದುಕೊಂಡು ಹೊಸ ಜೆಲ್ ಕೊಟ್ಟೆ. ಅದು ಹೋಗಿ ಬಂದಿದ್ದೇ ಅಲ್ಲ, ಹೋಗೇ ಇರಲಿಲ್ಲ. ಜಾಗ ಬದಲಾಯಿಸಿಕೊಂಡು ಅಲ್ಲೇ ಇತ್ತು.

ಕ್ಲೀನಿಂಗ್ ಮಾಡಲ್ಲ ಅಂದ ಡಾಕ್ಟರು

ಮೇ ತಿಂಗಳಲ್ಲಿ ಅಮ್ಮನಿಗೆ ವಸಡಿನಿಂದ ರಕ್ತ ಬರೋಕೆ ಶುರುವಾಯ್ತು. ಬ್ರಶ್ ತಾಗಿದರೆ ಉರಿ, ಹಾಗಾಗಿ ಬೆರಳಲ್ಲೇ ಹಲ್ಲು ಉಜ್ಜುತ್ತಿದ್ದಳು. ಬಾಯಿ ವಾಸನೆ ಬರ್ತಿದೆ ಅನ್ನೋ ನಾಚಿಕೆಗೆ ಜನರ ಹತ್ತಿರ ಮಾತು ಕಡಿಮೆ ಮಾಡಿದ್ದಳು. ಹಲ್ಲು ಕ್ಲೀನ್ ಮಾಡಿಸಿದರೆ ಸರಿಹೋಗುತ್ತೆ ಅಂತ ಅವಳೇ ತೀರ್ಮಾನ ಮಾಡಿ, ಊರಿನ ಒಂದು ಸಣ್ಣ ಡೆಂಟಲ್ ಕ್ಲಿನಿಕ್ಕಿಗೆ ಹೊರಟಳು. ಅವತ್ತು ನಾನೂ ಊರಲ್ಲಿದ್ದೆ, ಜೊತೆಗೆ ಹೋದೆ.

ಡಾಕ್ಟರು ನನ್ನ ವಯಸ್ಸಿನವರೇ. ಅಮ್ಮನನ್ನು ಚೇರಿನಲ್ಲಿ ಮಲಗಿಸಿ ಲೈಟ್ ಹಾಕಿ ಬಾಯಿ ನೋಡಿದರು. ಹಲ್ಲು ನೋಡಿದ್ದು ಕಡಿಮೆ. ಕೆನ್ನೆಯ ಒಳಭಾಗ, ಅಂಗುಳ, ನಾಲಿಗೆಯ ಅಡಿ, ತುಟಿಯ ಒಳಗೆ, ಗಂಟಲ ಹತ್ತಿರ, ಎಲ್ಲವನ್ನೂ ಕನ್ನಡಿ ಹಿಡಿದು ನಿಧಾನವಾಗಿ ನೋಡಿದರು. ಆಮೇಲೆ ಸಲಕರಣೆ ಕೆಳಗಿಟ್ಟು ಕೇಳಿದರು. "ಅಮ್ಮಾ, ಇದು ಎಷ್ಟು ದಿನದಿಂದ ಇದೆ?"

"ಸಂಕ್ರಾಂತಿಯಿಂದ ಡಾಕ್ಟ್ರೇ."

"ನುಂಗುವಾಗ ನೋಯುತ್ತಾ? ಧ್ವನಿ ಒಡೆದ ಹಾಗೆ ಆಗಿದೆಯಾ? ಕಣ್ಣು ಉರಿ? ಮೈಮೇಲೆ ಎಲ್ಲಾದ್ರೂ ನೀರುಗುಳ್ಳೆ ಬಂದಿದೆಯಾ?"

"ಮೈಮೇಲೆ ಏನಿಲ್ಲ. ತಲೇಲಿ ಮಾತ್ರ ಸ್ವಲ್ಪ ಕಜ್ಜಿ ಥರ ಇದೆ, ಡೈ ಹಚ್ಚಿದ್ದೆ, ಅದಕ್ಕೇ ಆಗಿರಬೇಕು."

ಡಾಕ್ಟರು ಎದ್ದು ಬಂದು ಅಮ್ಮನ ತಲೆಗೂದಲು ಬಿಡಿಸಿ ನೋಡಿದರು. ನೆತ್ತಿಯ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಜಾಗ ಒದ್ದೆಯಾಗಿ, ಮೇಲೆ ಹೊಪ್ಪಳೆ ಕಟ್ಟಿತ್ತು. ನಾನು ಅದನ್ನು ನೋಡಿಯೇ ಇರಲಿಲ್ಲ. ಹಲ್ಲಿನ ಡಾಕ್ಟರು ತಲೆಯಲ್ಲಿ ಏನು ಹುಡುಕ್ತಿದ್ದಾರೆ ಅಂತ ಆಗ ನನಗೆ ಸ್ವಲ್ಪ ನಗುವೂ ಬಂದಿತ್ತು, ಹೇಳಿಬಿಡ್ತೀನಿ.

"ಇವತ್ತು ಕ್ಲೀನಿಂಗ್ ಮಾಡಲ್ಲ. ಇದು ವಸಡಿನ ತೊಂದರೆ ಅಂತ ನನಗೆ ಅನ್ನಿಸ್ತಿಲ್ಲ. ಬಯಾಪ್ಸಿ ಆಗಬೇಕು. ಚರ್ಮದ ಡಾಕ್ಟರನ್ನೂ ನೋಡಬೇಕು" ಅಂದರು. ಒಂದು ಚೀಟಿಯಲ್ಲಿ ಎರಡು ಪದ ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಪೆಂಫಿಗಸ್ ವಲ್ಗ್ಯಾರಿಸ್. ಕನ್ಸಲ್ಟೇಶನ್ ಫೀಸು ಬಿಟ್ಟು ಬೇರೇನೂ ತಗೊಳ್ಳಲಿಲ್ಲ.

ಬಯಾಪ್ಸಿ ಅಂದ ಕೂಡಲೇ ಅಮ್ಮನ ಮುಖ ಬಿಳುಚಿಕೊಂಡಿತು. ನಮ್ಮ ಕಡೆ ಆ ಪದಕ್ಕೆ ಒಂದೇ ಅರ್ಥ, ಕ್ಯಾನ್ಸರ್. ಡಾಕ್ಟರು ಕೂರಿಸಿಕೊಂಡು ವಿವರಿಸಿದರು. ಬಯಾಪ್ಸಿ ಅಂದರೆ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡೋದು, ಅಷ್ಟೇ. ಕಾಯಿಲೆ ಯಾವುದು ಅಂತ ಗೊತ್ತಾಗೋಕೆ ಬೇರೆ ದಾರಿ ಇಲ್ಲದಾಗ ಅದನ್ನು ಮಾಡ್ತಾರೆ.

ನಮ್ಮ ಮೈಯೇ ನಮ್ಮ ಮೇಲೆ ತಿರುಗಿದರೆ

ಒಂದು ಡೆಂಟಲ್ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗದಲ್ಲಿ ಬಯಾಪ್ಸಿ ಆಯ್ತು. ಅಂಥದ್ದೊಂದು ವಿಭಾಗ ಇರೋದೇ ನನಗೆ ಗೊತ್ತಿರಲಿಲ್ಲ. ಬಾಯಿಯೊಳಗಿನ ಕಾಯಿಲೆಗಳನ್ನು, ಅಂದರೆ ಹಲ್ಲು ಬಿಟ್ಟು ಉಳಿದ ಎಲ್ಲವನ್ನೂ ನೋಡೋಕೆ ಬಿಡಿಎಸ್ ಆದಮೇಲೆ ಮೂರು ವರ್ಷ ಎಂಡಿಎಸ್ ಓದಿದವರು ಅಲ್ಲಿರ್ತಾರೆ.

ಎರಡು ಚೂರು ತೆಗೆದರು. ಹುಣ್ಣಿನ ನಡುವಿನಿಂದಲ್ಲ. ಅಲ್ಲಿ ಮೇಲಿನ ಪದರವೇ ಕಿತ್ತುಹೋಗಿರುತ್ತೆ, ನೋಡೋಕೆ ಏನೂ ಉಳಿದಿರಲ್ಲ. ಒಂದನ್ನು ಹುಣ್ಣಿನ ಅಂಚಿನಿಂದ, ಇನ್ನೊಂದನ್ನು ಅದರ ಪಕ್ಕದ ಚೆನ್ನಾಗಿ ಕಾಣುವ ಜಾಗದಿಂದ. ಮೊದಲನೆಯದು ಫಾರ್ಮಲಿನ್‌ಗೆ ಹೋಯ್ತು. ಎರಡನೆಯದು ಇಮ್ಯುನೋಫ್ಲೋರೆಸೆನ್ಸ್ ಅನ್ನೋ ಪರೀಕ್ಷೆಗೆ, ಅದನ್ನು ಫಾರ್ಮಲಿನ್‌ಗೆ ಹಾಕಿದರೆ ಕೆಡುತ್ತೆ, ಬೇರೆ ದ್ರಾವಣ ಬೇಕು. ಈ ಎರಡನೇ ಚೂರು ತೆಗೆಯೋದನ್ನು ಮರೆತರೆ ರೋಗಿ ಇನ್ನೊಮ್ಮೆ ಸೂಜಿ ಚುಚ್ಚಿಸಿಕೊಳ್ಳಬೇಕಾಗುತ್ತೆ ಅಂತ ಅಲ್ಲಿನ ಡಾಕ್ಟರು ಹೇಳಿದರು.

ರಿಪೋರ್ಟ್ ಬಂತು. ಊರಿನ ಡಾಕ್ಟರು ಚೀಟಿಯಲ್ಲಿ ಬರೆದಿದ್ದೇ.

ಪೆಂಫಿಗಸ್ ಅಂದರೆ ಏನು ಅಂತ ನನಗೆ ಅರ್ಥವಾದ ಹಾಗೆ ಹೇಳ್ತೀನಿ. ನಮ್ಮ ಚರ್ಮದ ಮೇಲ್ಪದರದ ಜೀವಕೋಶಗಳು ಇಟ್ಟಿಗೆ ಗೋಡೆಯ ಥರ ಜೋಡಿಸಿಕೊಂಡಿರುತ್ತವೆ. ಒಂದಕ್ಕೊಂದು ಅಂಟಿಕೊಂಡಿರೋಕೆ ಡೆಸ್ಮೋಗ್ಲೀನ್ ಅನ್ನೋ ಪ್ರೋಟೀನು ಬೇಕು, ಅದೇ ಅಲ್ಲಿನ ಸಿಮೆಂಟು. ಈ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಆ ಸಿಮೆಂಟನ್ನು ಶತ್ರು ಅಂದುಕೊಂಡು ಅದರ ಮೇಲೆ ಬೀಳುತ್ತೆ. ಆಂಟಿವೈರಸ್ಸು ಸಿಸ್ಟಮ್ ಫೈಲನ್ನೇ ವೈರಸ್ ಅಂತ ಅಳಿಸಿಹಾಕಿದ ಹಾಗೆ. ಇಟ್ಟಿಗೆಗಳು ಬಿಟ್ಟುಕೊಂಡು ನಡುವೆ ನೀರು ತುಂಬಿ ಗುಳ್ಳೆ ಏಳುತ್ತೆ.

ಹಾಗಾದರೆ ಮೊದಲು ಬಾಯಲ್ಲೇ ಯಾಕೆ? ಇದಕ್ಕೆ ಇರುವ ವಿವರಣೆ ನನಗೆ ತುಂಬಾ ಹಿಡಿಸಿತು. ಮೈಚರ್ಮದಲ್ಲಿ ಡೆಸ್ಮೋಗ್ಲೀನ್ 1 ಮತ್ತು 3 ಎರಡೂ ಕೆಲಸ ಮಾಡುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು ಸ್ವಲ್ಪ ಕಾಲ ತಡೆದುಕೊಳ್ಳುತ್ತೆ. ಬಾಯಿಯ ಒಳಪದರಕ್ಕೆ ಮುಖ್ಯ ಆಧಾರ 3 ಒಂದೇ. ಶುರುವಿನಲ್ಲಿ ಸಾಮಾನ್ಯವಾಗಿ ಅದರ ಮೇಲೆಯೇ ದಾಳಿ. ಬಾಯಿಗೆ ಬ್ಯಾಕಪ್ ಇಲ್ಲ. ಹಾಗಾಗಿ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಕಾಯಿಲೆ ಬಾಯಲ್ಲೇ ಶುರುವಾಗುತ್ತೆ, ಮೈಮೇಲೆ ಗುಳ್ಳೆ ಕಾಣಿಸಿಕೊಳ್ಳೋಕೆ ಎಷ್ಟೋ ತಿಂಗಳು ಹಿಡಿಯಬಹುದು. ಬಾಯಲ್ಲಿ ಗುಳ್ಳೆ ಗುಳ್ಳೆಯಾಗಿ ಉಳಿಯೋದೂ ಇಲ್ಲ. ಅನ್ನ ತಾಗಿ, ಹಲ್ಲು ತಾಗಿ ಒಡೆದು ಬರೀ ಹಸಿ ಗಾಯ ಕಾಣುತ್ತೆ. ನೋಡಿದವರು ಬಾಯಿಹುಣ್ಣು ಅನ್ನುತ್ತಾರೆ.

ನಮಗೆಲ್ಲ ಆಗಾಗ ಬರುವ ಸಾಮಾನ್ಯ ಹುಣ್ಣಿಗೂ ಇದಕ್ಕೂ ವ್ಯತ್ಯಾಸ ಇದೆ, ಗೊತ್ತಿದ್ದರೆ ಕಾಣುತ್ತೆ. ಸಾಮಾನ್ಯ ಹುಣ್ಣು ಗುಂಡಗೋ ಮೊಟ್ಟೆಯಾಕಾರದಲ್ಲೋ ಇರುತ್ತೆ, ನಡುವೆ ಬಿಳಿ-ಹಳದಿ, ಸುತ್ತ ಕೆಂಪು ಗೆರೆ. ತುಟಿಯ ಒಳಗೆ, ಕೆನ್ನೆಯ ಒಳಗೆ, ಮೆತ್ತಗಿನ ಜಾಗದಲ್ಲಿ ಬರುತ್ತೆ. ಒಂದು ವಾರ, ಹೆಚ್ಚಂದ್ರೆ ಎರಡು ವಾರದಲ್ಲಿ ವಾಸಿಯಾಗುತ್ತೆ. ಅಮ್ಮನದು ಅಂಕುಡೊಂಕು ಅಂಚಿನ ಹಸಿ ಗಾಯ, ಅಂಗುಳದಲ್ಲಿ ಒಂದು, ಎರಡೂ ಕೆನ್ನೆಯಲ್ಲಿ ಒಂದೊಂದು, ವಸಡು ಸಿಪ್ಪೆ ಎದ್ದ ಹಾಗೆ. ನಾಲ್ಕು ತಿಂಗಳು. ಫೋನಿನ ಟಾರ್ಚ್ ಹಾಕಿ ನಾನೇ ಒಮ್ಮೆ ನೋಡಿದ್ದರೂ ಇದು ಬೇರೆ ಏನೋ ಅನ್ನಿಸುತ್ತಿತ್ತು. ನೋಡಲಿಲ್ಲ.

ಇಷ್ಟರಲ್ಲಿ ಮನೇಲಿ ಇನ್ನೊಂದು ಕತೆ. ಪೆಂಫಿಗಸ್ ಅನ್ನೋ ಹೆಸರು ಕೇಳಿ ನಮ್ಮ ಅತ್ತೆ ಅಮ್ಮನ ಲೋಟ, ತಟ್ಟೆ ಬೇರೆ ಇಟ್ಟರು. ಅಮ್ಮ ಏನೂ ಹೇಳಲಿಲ್ಲ, ಅಡುಗೆಮನೆ ಮೂಲೆಯಲ್ಲಿ ಆ ಲೋಟವನ್ನು ತಾನೇ ತೊಳೆದು ಬೋರಲು ಹಾಕುತ್ತಿದ್ದಳು. ಇದು ಅಂಟುವ ಕಾಯಿಲೆ ಅಲ್ಲವೇ ಅಲ್ಲ. ಮುಟ್ಟಿದರೆ ಬರಲ್ಲ, ಎಂಜಲಿನಿಂದ ಬರಲ್ಲ. ಚರ್ಮದ ಡಾಕ್ಟರ ಹತ್ತಿರ ಅತ್ತೆಯನ್ನೂ ಕರೆದುಕೊಂಡು ಹೋಗಿ ಅವರ ಬಾಯಿಂದಲೇ ಹೇಳಿಸಿದ ಮೇಲೆ ಲೋಟ ಮತ್ತೆ ಸ್ಟ್ಯಾಂಡಿಗೆ ಬಂತು.

1950ರ ದಶಕದಲ್ಲಿ ಸ್ಟೀರಾಯ್ಡ್ ಬಳಕೆಗೆ ಬರುವ ಮೊದಲು ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ಮೈಯೆಲ್ಲ ಗುಳ್ಳೆ ಒಡೆದು, ನೀರು-ಪ್ರೋಟೀನು ಸೋರಿ, ಸೋಂಕು ತಗಲಿ ಹೋಗಿಬಿಡುತ್ತಿದ್ದರು. ಸ್ಟೀರಾಯ್ಡ್ ಬಂದ ಮೇಲೆ ಚಿತ್ರವೇ ಬದಲಾಯಿತು, ಆದರೆ ದಿನಾ ಹೆಚ್ಚಿನ ಡೋಸ್ ತಗೊಂಡರೆ ಸಕ್ಕರೆ, ಬಿಪಿ, ಮೂಳೆ ಸವೆತ ಬೆನ್ನಿಗೆ ಬರುತ್ತವೆ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಡಾ. ಜೆ.ಎಸ್. ಪಸ್ರೀಚಾ ಅವರು ತಿಂಗಳಿಗೊಮ್ಮೆ ಮೂರು ದಿನ ಡ್ರಿಪ್ಪಿನಲ್ಲಿ ಔಷಧಿ ಕೊಡುವ ಪಲ್ಸ್ ಚಿಕಿತ್ಸೆ ರೂಪಿಸಿದರು. ಭಾರತದ ಎಷ್ಟೋ ಆಸ್ಪತ್ರೆಗಳು ಅದನ್ನು ಅನುಸರಿಸಿದವು. ಈಗ ರಿಟುಕ್ಸಿಮ್ಯಾಬ್ ಅನ್ನೋ ಇಂಜೆಕ್ಷನ್ ಇದೆ, 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಕಾಯಿಲೆಗೂ ಅದನ್ನು ಒಪ್ಪಿತು. ಅಮ್ಮನಿಗೆ ಸ್ಟೀರಾಯ್ಡ್ ಮಾತ್ರೆಯ ಜೊತೆ ಅದನ್ನೇ ಕೊಟ್ಟರು. ದುಬಾರಿ. ನನ್ನ ಕಂಪನಿಯ ಇನ್ಶೂರೆನ್ಸಿನಲ್ಲಿ ಅಮ್ಮನ ಹೆಸರು ಇದ್ದಿದ್ದರಿಂದ ನಡೆಯಿತು. ಹೆಸರು ಸೇರಿಸದೆ ಬಿಟ್ಟಿರುವವರು ನಮ್ಮ ಟೀಮಿನಲ್ಲೇ ಇಬ್ಬರಿದ್ದಾರೆ.

ಬಾಯಿಗೆ ಬಂದದ್ದನ್ನು ಬಾಯಿ ಹೇಳುತ್ತೆ

ಇದಾದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ಪಿಯುಸಿಯಲ್ಲಿ ಜೊತೆಗಿದ್ದು ಆಮೇಲೆ ಬಿಡಿಎಸ್ ಮಾಡಿದ ಗೆಳತಿಯೊಬ್ಬಳಿದ್ದಾಳೆ. ಅವಳಿಗೆ ಸಿಇಟಿಯಲ್ಲಿ ಮೆಡಿಕಲ್ ಸಿಗಲಿಲ್ಲ ಅಂತ ಆಗ ನಾವೆಲ್ಲ 'ಅಯ್ಯೋ ಪಾಪ' ಅಂದಿದ್ದೆವು. ಅವಳನ್ನು ಭಾನುವಾರ ಮಸಾಲೆ ದೋಸೆಗೆ ಕರೆದು, ನೀವು ಚೇರಿನ ಮೇಲೆ ಹಲ್ಲು ಬಿಟ್ಟು ಇನ್ನೇನೇನು ನೋಡ್ತೀರ ಅಂತ ಕೇಳಿದೆ.

"ನೀನು ಬಾಗಿಲಿಂದ ಚೇರಿನ ತನಕ ನಡೆದುಬರುವಾಗಲೇ ಶುರು" ಅಂದಳು. ಉಗುರು, ಕಣ್ಣಿನ ಬಣ್ಣ, ಮುಖದ ಊತ, ಮೂಗಿನ ಮೇಲಿನ ಮಚ್ಚೆ. ಅಷ್ಟು ಜೋರು ಲೈಟು ಹಾಕಿಕೊಂಡು ಒಂದು ಅಡಿ ದೂರದಿಂದ ಅರ್ಧ ಗಂಟೆ ನಿಮ್ಮ ಮುಖ ನೋಡುವ ಡಾಕ್ಟರು ಬೇರೆ ಯಾರಿದ್ದಾರೆ ಅಂತ ಕೇಳಿದಳು. ನಿಜ ಅಲ್ವಾ.

ಅವಳು ಹೇಳಿದ್ದರಲ್ಲಿ ನಮ್ಮ ವಯಸ್ಸಿನವರಿಗೆ ಹತ್ತಿರವಾದದ್ದನ್ನು ಬರೀತೀನಿ. ವಸಡಿನಲ್ಲಿ ಮತ್ತೆ ಮತ್ತೆ ಕೀವು, ಹಲ್ಲು ಸಡಿಲ, ಬಾಯಿ ಒಣಗುವುದು ಇದ್ದರೆ ಅವಳು ಮೊದಲು ಕೇಳೋದು ಸಕ್ಕರೆ ಪರೀಕ್ಷೆ. ಎಷ್ಟೋ ಜನರಿಗೆ ತಮಗೆ ಡಯಾಬಿಟಿಸ್ ಇರೋದು ಗೊತ್ತಾಗೋದೇ ಹಲ್ಲಿನ ಡಾಕ್ಟರ ಚೀಟಿಯಿಂದಂತೆ. ಸಕ್ಕರೆ ಹೆಚ್ಚಿದ್ದರೆ ವಸಡು ಕೆಡುತ್ತೆ, ವಸಡು ಕೆಟ್ಟಿದ್ದರೆ ಸಕ್ಕರೆ ಹಿಡಿತಕ್ಕೆ ಬರೋದೂ ಕಷ್ಟ. ನಾಲಿಗೆ ನುಣ್ಣಗಾಗಿ, ಕೆಂಪಾಗಿ, ಸಾರು ತಾಗಿದರೂ ಉರಿಯುತ್ತೆ ಅಂದರೆ ಬಿ12 ಅಥವಾ ಕಬ್ಬಿಣದ ಕೊರತೆ ಇರಬಹುದು. ಬರೀ ಸಸ್ಯಾಹಾರ, ಅದರಲ್ಲೂ ಹಾಲು-ಮೊಸರನ್ನೂ ಬಿಟ್ಟವರಲ್ಲಿ ಬಿ12 ಕಡಿಮೆಯಾಗೋದು ಸುಲಭ. ತುಟಿಯ ಎರಡೂ ಮೂಲೆ ಬಿರಿಯೋದೂ ಇದೇ ಸಾಲಿಗೆ ಸೇರುತ್ತೆ.

ಬಿಪಿಗೆ ಕೊಡುವ ಆಮ್ಲೋಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ವಸಡು ಬೆಳೆದು ಹಲ್ಲನ್ನು ಮುಚ್ಚುವ ಹಾಗೆ ಮಾಡುತ್ತವೆ. ಮಾತ್ರೆ ಬದಲಾಯಿಸೋದು ಹಲ್ಲಿನ ಡಾಕ್ಟರ ಕೆಲಸ ಅಲ್ಲ, ನಾವೇ ನಿಲ್ಲಿಸೋದಂತೂ ಅಲ್ಲವೇ ಅಲ್ಲ. ಆದರೆ ಬರೆದುಕೊಟ್ಟ ಡಾಕ್ಟರಿಗೆ ಅವರು ತಿಳಿಸಬಹುದು. ಕೆನ್ನೆಯ ಒಳಗೆ ಬಿಳಿ ಲೇಸಿನ ಥರ ಗೆರೆಗಳು ಕಂಡರೆ ಲೈಕೆನ್ ಪ್ಲೇನಸ್ ಅನ್ನೋ ಚರ್ಮದ ಕಾಯಿಲೆ ಇರಬಹುದು, ಅದಕ್ಕೆ ಮುಂಗೈ ಮಣಿಕಟ್ಟಿನಲ್ಲೂ ನೇರಳೆ ಗುಳ್ಳೆ ಇದೆಯಾ ಅಂತ ನೋಡ್ತಾರೆ. ಮಕ್ಕಳ ದಡಾರದಲ್ಲಿ ಮೈಮೇಲೆ ಕೆಂಪು ಏಳುವ ಒಂದೆರಡು ದಿನ ಮೊದಲೇ ಕೆನ್ನೆಯ ಒಳಗೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಬರುತ್ತೆ. ಅಮೆರಿಕದ ಮಕ್ಕಳ ಡಾಕ್ಟರ್ ಹೆನ್ರಿ ಕಾಪ್ಲಿಕ್ 1896ರಲ್ಲೇ ಅದನ್ನು ಬರೆದಿಟ್ಟಿದ್ದರು.

ಎಲ್ಲ ಬಣ್ಣವೂ ಕಾಯಿಲೆಯಲ್ಲ ಅಂತಲೂ ಹೇಳಿದಳು. ನಮ್ಮ ಜನರ ವಸಡಿನಲ್ಲಿ ಕಂದು-ಕಪ್ಪು ಛಾಯೆ ಇರೋದು ಸಹಜ. ಇಂಟರ್ನೆಟ್ಟಿನಲ್ಲಿ ಬಿಳಿಯರ ಗುಲಾಬಿ ವಸಡು ನೋಡಿ ಗಾಬರಿಯಾಗಿ ಬರುವವರು ಬಹಳವಂತೆ. ಮೊದಲು ಇಲ್ಲದ ಕಲೆ ಹೊಸದಾಗಿ ಬಂದು ಹರಡಿದರೆ ಮಾತ್ರ ತೋರಿಸಬೇಕು.

ಒಂದು ವಿಷಯ ಹೇಳುವಾಗ ಅವಳು ದೋಸೆ ತಿನ್ನೋದು ನಿಲ್ಲಿಸಿದಳು. ಇಪ್ಪತ್ತೈದರ ಹುಡುಗಿಯೊಬ್ಬಳು ಹಲ್ಲು ಜುಮ್ಮೆನ್ನುತ್ತೆ ಅಂತ ಬಂದಿದ್ದಳು. ಮೇಲಿನ ಮುಂದಿನ ಹಲ್ಲುಗಳ ಹಿಂಬದಿ, ಅಂಗುಳದ ಕಡೆ, ಎನಾಮೆಲ್ ಸವೆದು ತೆಳ್ಳಗಾಗಿತ್ತು. ಹುಳಿ ತಿಂದು, ಕೋಲಾ ಕುಡಿದು ಸವೆದರೆ ಸಾಮಾನ್ಯವಾಗಿ ಹೊರಬದಿಯೂ ಸವೆಯುತ್ತೆ. ಒಳಬದಿ ಮಾತ್ರ ಸವೆದಿದೆ ಅಂದರೆ ಹೊಟ್ಟೆಯ ಆಸಿಡ್ ಮೇಲೆ ಬರ್ತಿದೆ ಅಂತ. ಅಸಿಡಿಟಿ ಜೋರಾಗಿದ್ದರೂ ಆಗಬಹುದು, ತಿಂದಿದ್ದನ್ನು ಬೇಕಂತಲೇ ವಾಂತಿ ಮಾಡುವ ಕಾಯಿಲೆಯಲ್ಲೂ ಆಗುತ್ತೆ. ಅಮ್ಮನನ್ನು ಹೊರಗೆ ಕೂರಿಸಿ ಕೇಳಿದಾಗ ಆ ಹುಡುಗಿ ಅತ್ತಳಂತೆ. ಎರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಹಲ್ಲಿಗೆ ಮಾಡಬೇಕಾದ್ದನ್ನು ಮಾಡಿ, ಮನೋವೈದ್ಯರೊಬ್ಬರ ಹೆಸರು ಕೊಟ್ಟು ಕಳಿಸಿದಳಂತೆ.

ಗುಟ್ಕಾ ಬಗ್ಗೆ ಕೇಳೋದೇ ಬೇಡ ಅಂದುಕೊಂಡಿದ್ದೆ, ಅವಳೇ ತೆಗೆದಳು. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಭಾಗ ಬಿಳುಚಿ, ಗಡುಸಾಗಿ, ಬಾಯಿ ತೆರೆಯೋದೇ ಕಡಿಮೆಯಾಗುತ್ತಾ ಹೋಗುತ್ತೆ. ತಂಬಾಕಿಲ್ಲದ ಬರೀ ಪಾನ್ ಮಸಾಲೆಯಿಂದಲೂ ಆಗುತ್ತೆ, ಮುಂದೆ ಕ್ಯಾನ್ಸರಿಗೆ ತಿರುಗಬಹುದು. ಸಾಮಾನ್ಯವಾಗಿ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯೊಳಗೆ ಹೋಗಬೇಕು. ನಮ್ಮ ಆಫೀಸಿನ ಕೆಳಗಿನ ಗೂಡಂಗಡಿಯಲ್ಲಿ ನಿಲ್ಲುವ ಗೆಳೆಯರು ಇದನ್ನು ಓದ್ತಿದ್ದರೆ ಈಗಲೇ ಇಟ್ಟು ನೋಡಿ.

ಫಾರ್ಮಿನ ಎಲ್ಲ ಪ್ರಶ್ನೆಗೂ 'ಇಲ್ಲ'

ಹೋದ ತಿಂಗಳು ನಾನೂ ಹಲ್ಲು ಕ್ಲೀನ್ ಮಾಡಿಸಲು ಹೋಗಿದ್ದೆ. ರಿಸೆಪ್ಶನ್ನಿನಲ್ಲಿ ಎಂದಿನಂತೆ ಫಾರ್ಮ್ ಕೊಟ್ಟರು. ಯಾವ ಮಾತ್ರೆ ತಗೊಳ್ತೀರ, ಯಾವ ಕಾಯಿಲೆ ಇದೆ, ಅಲರ್ಜಿ ಇದೆಯಾ. ಹಿಂದೆಲ್ಲ ನಾನು ಆಪಿನ ಟರ್ಮ್ಸ್ ಅಂಡ್ ಕಂಡಿಶನ್ಸ್ ಒಪ್ಪಿದ ಹಾಗೆ, ಓದದೆ ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಹಾಕಿ ಕೊಡುತ್ತಿದ್ದೆ. ಹಲ್ಲಿಗೂ ಥೈರಾಯ್ಡ್ ಮಾತ್ರೆಗೂ ಏನು ಸಂಬಂಧ ಅಂತ. ಈ ಸಲ ಕೂತು ಬರೆದೆ. ಥೈರಾಯ್ಡ್ ಬರೆದೆ, ಎರಡು ವರ್ಷದ ಹಿಂದಿನ ಕಬ್ಬಿಣದ ಕೊರತೆ ಬರೆದೆ, ಅಮ್ಮನ ಕಾಯಿಲೆಯನ್ನೂ ಬರೆದೆ. ಡಾಕ್ಟರು ಓದಿ, ಎರಡು ಪ್ರಶ್ನೆ ಜಾಸ್ತಿ ಕೇಳಿದರು, ಐದು ನಿಮಿಷ ಜಾಸ್ತಿ ನೋಡಿದರು.

ಎಲ್ಲ ಹಲ್ಲಿನ ಡಾಕ್ಟರೂ ಹೀಗೇ ನೋಡ್ತಾರೆ ಅಂತ ನಾನು ಹೇಳಲ್ಲ. ಮೂವತ್ತು ಜನ ಕಾಯ್ತಿರುವಾಗ ತಲೆಗೂದಲು ಬಿಡಿಸಿ ನೋಡುವಷ್ಟು ಪುರುಸೊತ್ತು ಎಲ್ಲಿ ಸಿಗುತ್ತೆ? ಆದರೆ ಎರಡು ವಾರ ದಾಟಿದ ಹುಣ್ಣು ಅಥವಾ ಬಿಳಿ, ಕೆಂಪು ಕಲೆ ಬಾಯಲ್ಲಿದ್ದರೆ, "ಇದು ಇಷ್ಟು ದಿನದಿಂದ ಇದೆ, ಸರಿಯಾಗಿ ನೋಡಿ" ಅಂತ ನಾವೇ ಕೇಳಬಹುದು. ನೋವಿಲ್ಲದಿದ್ದರೂ ಕೇಳಬೇಕು. ಬಾಯಿಯ ಕ್ಯಾನ್ಸರ್ ಶುರುವಿನಲ್ಲಿ ಎಷ್ಟೋ ಸಲ ನೋಯುವುದೇ ಇಲ್ಲ. ಫೋನಲ್ಲಿ ಒಂದು ಫೋಟೋ ತೆಗೆದು ತಾರೀಖಿನ ಸಮೇತ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ನನ್ನ ಹತ್ತಿರ ಜನವರಿಯಿಂದ ಮೇ ತನಕ ಅಮ್ಮನ ಒಂದೂ ಫೋಟೋ ಇಲ್ಲ, ನನ್ನ ಕಾಫಿ ಕಪ್ಪಿನ ಫೋಟೋ ನೂರಿವೆ.

ಅಮ್ಮನಿಗೆ ಈಗ ಬಾಯಿ ವಾಸಿಯಾಗಿದೆ. ತಲೆಯ ಗಾಯವೂ ಒಣಗಿದೆ. ಸ್ಟೀರಾಯ್ಡಿನಿಂದ ಸಕ್ಕರೆ ಏರಿತ್ತು, ಡೋಸ್ ನಿಧಾನವಾಗಿ ಇಳಿಸುತ್ತಾ ಬಂದ ಹಾಗೆ ಅದೂ ಇಳಿಯುತ್ತಿದೆ. ಕಾಯಿಲೆ ಮತ್ತೆ ತಲೆ ಎತ್ತಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ಹಾಗಾಗಿ ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಅವಳು ಬಾಯಿ ಅಗಲಿಸಿ ಕ್ಯಾಮೆರಾ ಹತ್ತಿರ ತರುತ್ತಾಳೆ, ನಾನು "ಲೈಟಿನ ಕಡೆ ತಿರುಗು, ಎಡಗಡೆ ತೋರಿಸು" ಅಂತೀನಿ. ಊರಿನ ಆ ಹಲ್ಲಿನ ಡಾಕ್ಟರು ಈಗ ಮೂರು ತಿಂಗಳಿಗೊಮ್ಮೆ ನೋಡ್ತಾರೆ. ಅವತ್ತು ಮಾಡದೆ ಬಿಟ್ಟ ಕ್ಲೀನಿಂಗನ್ನು ಚರ್ಮದ ಡಾಕ್ಟರನ್ನು ಕೇಳಿಕೊಂಡು, ಮೆಲ್ಲಗೆ ಮಾಡಿಕೊಟ್ಟರು. ಈ ಸಂಕ್ರಾಂತಿಗೆ ಅಮ್ಮ ಎಳ್ಳು-ಬೆಲ್ಲ ತಿಂದಳು, ಕೊಬ್ಬರಿ ಚೂರು ಬದಿಗಿಟ್ಟು. ಕಬ್ಬು ಇನ್ನೂ ಬೇಡ ಅಂದಿದ್ದಾರೆ. ಮುಂದಿನ ಚೆಕಪ್ ಶನಿವಾರ ಇದೆ, ಬೆಳಗಿನ ಟ್ರೇನಿಗೆ ಟಿಕೆಟ್ ಮಾಡಿಸಿದ್ದೀನಿ.